ಕಾಣದ ಗ್ರಹವನ್ನು ಗಣಿಸಿದ ಲವೆರಿಯೆ

ಭಾಂಡುಪಿನ ಪೂರ್ವಕ್ಕಿರುವ ಉಪ್ಪಿನ ಗದ್ದೆಗಳ ಮೇಲೆ, ವರ್ಷದ ಕೆಲವು ಮುಂಜಾವುಗಳಲ್ಲಿ, ಸೂರ್ಯೋದಯಕ್ಕೆ ತುಸು ಮೊದಲು ಬುಧಗ್ರಹವು ತೋರುವುದುಂಟು. ಆ ಪುಟ್ಟ ಗ್ರಹವು ಒಬ್ಬ ಮಹಾಗಣಿತಜ್ಞನನ್ನು ಸೋಲಿಸಿತು. ಆತನೇ ಫ್ರಾನ್ಸ್ ದೇಶದ ಉರ್ಬೇನ್ ಲವೆರಿಯೆ.

ಲವೆರಿಯೆಯು 1811ನೆಯ ಇಸವಿ ಮಾರ್ಚ್ 11ರಂದು ನಾರ್ಮಂಡಿ ಪ್ರಾಂತದ ಸೇನ್ ಲೋ ಎಂಬ ಊರಿನಲ್ಲಿ ಜನಿಸಿದನು. ಪ್ಯಾರಿಸಿನ ಪಾಲಿಟೆಕ್ನಿಕ್ ವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ತೇರ್ಗಡೆಯಾಗಲಿಲ್ಲ. ತಂದೆಯು ಮನೆಯನ್ನೇ ಮಾರಿ ಮಗನನ್ನು ಓದಿಸಿದನು. ಮೊದಲು ರಸಾಯನಶಾಸ್ತ್ರದಲ್ಲಿ ದುಡಿದ ತರುಣನು 1837ರಲ್ಲಿ ಅದೇ ವಿದ್ಯಾಲಯದಲ್ಲಿ ಖಗೋಲಶಾಸ್ತ್ರದ ಉಪಾಧ್ಯಾಯನಾದನು.

ಆಗ ಯುರೇನಸ್ ಗ್ರಹವು ನ್ಯೂಟನ್ನನ ಗುರುತ್ವಾಕರ್ಷಣ ನಿಯಮವು ವಿಧಿಸಿದ ಹಾದಿಯಿಂದ ಸರಿಯುತ್ತಿತ್ತು. ನಿಯಮವೇ ತಪ್ಪೋ, ಕಾಣದ ಗ್ರಹವೊಂದು ಸೆಳೆಯುತ್ತಿರುವುದೋ? ಲವೆರಿಯೆಯು ನಿಯಮವನ್ನು ನಂಬಿದನು. ಕಾಣದ ಗ್ರಹದ ಸ್ಥಾನವನ್ನು ಕಾಗದದ ಮೇಲೆಯೇ ಗಣಿಸಿ ಬರ್ಲಿನ್ ವೇಧಶಾಲೆಯ ಗಾಲೆ ಎಂಬವನಿಗೆ ಬರೆದನು. 1846ರ ಸೆಪ್ಟೆಂಬರ್ 23ರಂದು ಪತ್ರವು ತಲಪಿತು. ಅದೇ ರಾತ್ರಿ, ಸೂಚಿಸಿದ ಸ್ಥಳದಿಂದ ಒಂದು ಅಂಶದೊಳಗೆ, ನೆಪ್ಚೂನ್ ಗ್ರಹವು ದೊರೆಯಿತು. ಇಂಗ್ಲೆಂಡಿನ ಆಡಮ್ಸನೂ ಸ್ವತಂತ್ರವಾಗಿ ಇಂತಹುದೇ ಗಣನೆಯನ್ನು ನಡೆಸಿದ್ದನು.

1854ರಲ್ಲಿ ಲವೆರಿಯೆಯು ಪ್ಯಾರಿಸ್ ವೇಧಶಾಲೆಯ ಮುಖ್ಯಸ್ಥನಾದನು. ಆತನ ಕಠೋರ ಸ್ವಭಾವದಿಂದ ಸಹೋದ್ಯೋಗಿಗಳು ಬೇಸತ್ತರು. 1870ರಲ್ಲಿ ಆ ಪದವಿಯು ಹೋಯಿತು, 1873ರಲ್ಲಿ ಮರಳಿ ಬಂದಿತು.

ಈ ನಡುವೆ, 1859ರಲ್ಲಿ, ಬುಧನ ಕಕ್ಷೆಯು ಗಣಿತವು ಹೇಳುವುದಕ್ಕಿಂತ ಶತಮಾನಕ್ಕೆ 38 ವಿಕಲೆಗಳಷ್ಟು ಹೆಚ್ಚು ತಿರುಗುವುದೆಂದು ಆತನು ತೋರಿಸಿದನು. ಒಂದು ಅಂಶಕ್ಕೆ 3,600 ವಿಕಲೆಗಳು. ಇಷ್ಟು ಅಲ್ಪ ವ್ಯತ್ಯಾಸವನ್ನೂ ಆತನು ಅಲಕ್ಷಿಸಲಿಲ್ಲ. ಹಿಂದೆ ಗೆಲುವು ತಂದ ಮಾರ್ಗವನ್ನೇ ಹಿಡಿದು, ಸೂರ್ಯನ ಬಳಿ ಕಾಣದ ಗ್ರಹವಿರಬೇಕೆಂದು ಊಹಿಸಿದನು. ಹಳ್ಳಿಯ ವೈದ್ಯನೊಬ್ಬನು ಅದನ್ನು ಕಂಡೆನೆಂದಾಗ ನಂಬಿದನು. ವಲ್ಕನ್ ಎಂಬ ಹೆಸರೂ ಬಂದಿತು. ಗ್ರಹವು ಮಾತ್ರ ದೊರೆಯಲಿಲ್ಲ. 1877ರ ಸೆಪ್ಟೆಂಬರ್ 23ರಂದು, ನೆಪ್ಚೂನ್ ದೊರೆತು ಸರಿಯಾಗಿ 31 ವರ್ಷಗಳಾದ ದಿನ, ಲವೆರಿಯೆಯು ನಿಧನ ಹೊಂದಿದನು.

1915ರಲ್ಲಿ ಐನ್‌ಸ್ಟೈನನು ಗುರುತ್ವದ ನಿಯಮವನ್ನೇ ಹೊಸದಾಗಿ ರಚಿಸಿದನು. ಅಷ್ಟರಲ್ಲಿ 43 ವಿಕಲೆಗಳೆಂದು ತಿದ್ದಲ್ಪಟ್ಟಿದ್ದ ಆ ವ್ಯತ್ಯಾಸವು ಯಾವ ಹೊಸ ಗ್ರಹದ ನೆರವೂ ಇಲ್ಲದೆ ಬಗೆಹರಿಯಿತು.

ಅದೇ ಪ್ರಶ್ನೆ ಇಂದೂ ಉಳಿದಿದೆ. ದೂರದ ನಕ್ಷತ್ರಲೋಕಗಳು ಕಾಣುವ ದ್ರವ್ಯಕ್ಕೆ ಒಪ್ಪದಷ್ಟು ವೇಗದಿಂದ ಚಲಿಸುವುದನ್ನು 1933ರಲ್ಲಿ ಟ್ಸ್ವಿಕಿ ಎಂಬ ವಿಜ್ಞಾನಿಯು ಕಂಡನು. ಕಾಣದ ಕಪ್ಪು ದ್ರವ್ಯವೇ ಕಾರಣವೆಂದು ಹೆಚ್ಚಿನ ವಿಜ್ಞಾನಿಗಳ ಮತ. ನಿಯಮವನ್ನೇ ತಿದ್ದಬೇಕೆಂದು 1983ರಲ್ಲಿ ಮಿಲ್‌ಗ್ರೋಮ್ ಸೂಚಿಸಿದರು. ವಿಶ್ವವು ಹೆಚ್ಚುತ್ತಿರುವ ವೇಗದಿಂದ ಹಿಗ್ಗುತ್ತಿದೆಯೆಂದು 1998ರಲ್ಲಿ ತಿಳಿದಾಗಲೂ ಇದೇ ಚರ್ಚೆ ಎದ್ದಿತು: ಇದು ಕಪ್ಪು ಶಕ್ತಿಯೋ, ನಿಯಮದ ಕೊರತೆಯೋ?

ಲವೆರಿಯೆಯ ಊಹೆಯು ಒಮ್ಮೆ ಗೆದ್ದಿತು, ಒಮ್ಮೆ ಸೋತಿತು. ಆದರೆ ಆತನು ಬಿಡದೆ ಹಿಡಿದ ಆ ಅಲ್ಪ ಶೇಷವೇ ಮುಂದೆ ಹೊಸ ನಿಯಮಕ್ಕೆ ಸಾಕ್ಷಿಯಾಯಿತು.