ಶವಪರೀಕ್ಷೆಯ ಗ್ರಂಥಕರ್ತ ಸೊಂಗ್ ತ್ಸು

ಸೊಂಗ್ ತ್ಸು ಅವರು 1186ರಲ್ಲಿ ಚೀನಾ ದೇಶದ ಫುಜಿಯಾನ್ ಪ್ರಾಂತದಲ್ಲಿ ಜನಿಸಿದರು. 1217ರಲ್ಲಿ ರಾಜ್ಯದ ಉನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮುಂದೆ ನ್ಯಾಯಾಧಿಕಾರಿಯಾದರು. ಸಾವಿನ ಕಾರಣವನ್ನು ತಪ್ಪಾಗಿ ತಿಳಿದರೆ ನಿರಪರಾಧಿಯ ಪ್ರಾಣ ಹೋಗಬಹುದು. ಆದುದರಿಂದ ಅಧಿಕಾರಿಯೇ ದುರ್ವಾಸನೆಗೆ ಹೇಸದೆ ಶವವನ್ನು ಕಣ್ಣಾರೆ ನೋಡಬೇಕೆಂದು 1247ರ ತಮ್ಮ ಗ್ರಂಥದಲ್ಲಿ ವಿಧಿಸಿದರು. ಸುಟ್ಟ ಶವದ ಬಾಯಿ ಮೂಗುಗಳೊಳಗೆ ಬೂದಿ ಇದ್ದರೆ ಆತ ಬದುಕಿದ್ದಾಗಲೇ ಬೆಂಕಿಗೆ ಸಿಕ್ಕವನು. ಇಲ್ಲದಿದ್ದರೆ ಸತ್ತ ಮೇಲೆ ಸುಟ್ಟದ್ದು. ಇಂದಿನ ವೈದ್ಯರೂ ಶ್ವಾಸನಾಳದಲ್ಲಿ ಮಸಿಯನ್ನು ಹುಡುಕುತ್ತಾರೆ.

ಅದೇ ಗ್ರಂಥದಲ್ಲಿ ಕುಡುಗೋಲಿನ ಕೊಲೆಯೊಂದರ ಸಂಗತಿಯಿದೆ. ತನಿಖೆಗೆ ಬಂದ ಅಧಿಕಾರಿ ಊರವರ ಕುಡುಗೋಲುಗಳನ್ನೆಲ್ಲ ನೆಲದ ಮೇಲೆ ಇಡಿಸಿದ. ಒಂದಕ್ಕೆ ಮಾತ್ರ ನೊಣ ಮುತ್ತಿತು. ಕಣ್ಣಿಗೆ ಕಾಣದಿದ್ದರೂ ನೆತ್ತರ ವಾಸನೆ ಉಳಿದಿತ್ತು. ಅದರ ಒಡೆಯ ತಪ್ಪೊಪ್ಪಿಕೊಂಡ. ಎಲುಬಿಗೆ ರಕ್ತ ತೊಟ್ಟಿಕ್ಕಿಸಿ ಬಂಧುತ್ವ ಗುರುತಿಸುವ ಕ್ರಮ ಮಾತ್ರ ಇಂದು ನಿಲ್ಲದು. ಅವರು 1249ರಲ್ಲಿ ತೀರಿಕೊಂಡರು. ಗ್ರಂಥ ಶತಮಾನಗಳ ಕಾಲ ಚೀನಾದ ಕಚೇರಿಗಳಲ್ಲಿ ಬಳಕೆಯಲ್ಲಿತ್ತು.