ರಕ್ತನಾಳಕ್ಕೆ ಹೊಲಿಗೆ ಹಾಕಿದ ವೈದ್ಯ ಅಲೆಕ್ಸಿಸ್ ಕ್ಯಾರೆಲ್

ಕಿಡ್ನಿ, ಲಿವರ್, ಹೃದಯ ಕಸಿಯ ಸುದ್ದಿಗಳು ಈಗ ಯಾರಿಗೂ ಹೊಸತಲ್ಲ. ಒಬ್ಬರ ಅಂಗ ಇನ್ನೊಬ್ಬರ ದೇಹದಲ್ಲಿ ಬದುಕಬೇಕಾದರೆ ಮೊದಲು ಅದಕ್ಕೆ ರಕ್ತ ಹರಿಯಬೇಕು. ಅದಕ್ಕಾಗಿ ಎರಡು ರಕ್ತನಾಳಗಳ ತುದಿಗಳನ್ನು ಸೋರದಂತೆ, ಒಳಗೆ ರಕ್ತ ಹೆಪ್ಪುಗಟ್ಟದಂತೆ ಜೋಡಿಸಿ ಹೊಲಿಯಬೇಕು. ಈ ವಿದ್ಯೆಯನ್ನು ಶಸ್ತ್ರವೈದ್ಯರ ಕೈಗೆ ಕೊಟ್ಟವರಲ್ಲಿ ಪ್ರಮುಖರು ಫ್ರಾನ್ಸಿನ ಡಾ. ಅಲೆಕ್ಸಿಸ್ ಕ್ಯಾರೆಲ್. ನೊಬೆಲ್ ಪ್ರಶಸ್ತಿ ಪಡೆದ ಇದೇ ವೈದ್ಯರ ಹೆಸರನ್ನು ಮುಂದೆ ಅವರದೇ ದೇಶದ ಹಲವು ರಸ್ತೆಗಳ ಫಲಕದಿಂದ ಅಳಿಸಲಾಯಿತು.

ಕಸೂತಿಯಿಂದ ಕಲಿತ ಪಾಠ

ಕ್ಯಾರೆಲ್ ಹುಟ್ಟಿದ್ದು 1873ರ ಜೂನ್ 28ರಂದು, ರೇಷ್ಮೆಗೆ ಹೆಸರಾದ ಲಿಯೋನ್ ನಗರದ ಸಮೀಪ. ತಂದೆ ಬಟ್ಟೆ ವ್ಯಾಪಾರಿ. ಮಗ ಚಿಕ್ಕವನಿದ್ದಾಗಲೇ ಅವರು ತೀರಿಕೊಂಡರು. ತಾಯಿಯೇ ಮಕ್ಕಳನ್ನು ಬೆಳೆಸಿದರು.

1894ರ ಜೂನ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಅವರಿಗೆ ಲಿಯೋನ್‌ನಲ್ಲಿ ಹಂತಕನೊಬ್ಬ ಚೂರಿಯಿಂದ ಇರಿದ. ಲಿವರ್‌ಗೆ ರಕ್ತ ಒಯ್ಯುವ ದೊಡ್ಡ ನಾಳ ತುಂಡಾಗಿತ್ತು. ಅದನ್ನು ಹೊಲಿಯುವ ವಿಧಾನ ಅಂದಿನ ವೈದ್ಯರಿಗೆ ಗೊತ್ತಿರಲಿಲ್ಲ. ಅಧ್ಯಕ್ಷರು ಬದುಕಲಿಲ್ಲ. ಆಗ 20ರ ಹರೆಯದ ವೈದ್ಯ ವಿದ್ಯಾರ್ಥಿಯಾಗಿದ್ದ ಕ್ಯಾರೆಲ್ ಅವರ ಮನಸ್ಸಿನಲ್ಲಿ ಈ ಸಾವು ಉಳಿಯಿತು.

ಅವರು ಹೊಲಿಗೆ ಕಲಿಯಲು ಹೋದದ್ದು ಯಾವ ಪ್ರೊಫೆಸರರ ಬಳಿಗೂ ಅಲ್ಲ, ಲಿಯೋನ್‌ನ ಕಸೂತಿ ಕೆಲಸದ ಹೆಂಗಸಿನ ಬಳಿಗೆ. ಅತಿ ಸಣ್ಣ ಸೂಜಿ, ನವಿರಾದ ರೇಷ್ಮೆ ದಾರ ಹಿಡಿದು ಕೈ ಪಳಗಿಸಿಕೊಂಡರು. ಸೂಜಿ, ದಾರಗಳಿಗೆ ವ್ಯಾಸಲೀನ್ ಸವರಿದರು. ನಾಳದ ದುಂಡನೆಯ ಬಾಯಿಗೆ ಸಮಾನ ಅಂತರದಲ್ಲಿ ಮೂರು ಹೊಲಿಗೆ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ. ಆಮೇಲೆ ನೇರವಾದ ಒಂದೊಂದು ಅಂಚನ್ನು ಹೊಲಿಯುವುದು ಸುಲಭ. 1902ರಲ್ಲಿ ಪ್ರಕಟವಾದ ಈ ಸರಳ ಉಪಾಯವೇ ಅವರನ್ನು ಪ್ರಸಿದ್ಧಗೊಳಿಸಿತು.

ಅಮೆರಿಕಕ್ಕೆ ಪಯಣ

ಲೂರ್ದ್ ಕ್ಷೇತ್ರದಲ್ಲಿ ರೋಗಿಯೊಬ್ಬಳು ಗುಣವಾದುದನ್ನು ಕಂಡು ಅದನ್ನು ಅಲ್ಲಗಳೆಯದ ಕಾರಣ ಕ್ಯಾರೆಲ್ ಲಿಯೋನ್‌ನಲ್ಲಿ ವಿವಾದಕ್ಕೆ ಸಿಲುಕಿದರು. ಊರಿನಲ್ಲಿ ಮುಂದೆ ದಾರಿಯಿಲ್ಲವೆಂದು ತಿಳಿದು 1904ರಲ್ಲಿ ಸಮುದ್ರ ದಾಟಿದರು. ಶಿಕಾಗೋದಲ್ಲಿ ಚಾರ್ಲ್ಸ್ ಗುತ್ರಿ ಅವರೊಂದಿಗೆ ನಾಯಿಗಳ ಮೇಲೆ ಕಿಡ್ನಿ ಮತ್ತಿತರ ಅಂಗಗಳ ಕಸಿ ಪ್ರಯೋಗ ನಡೆಸಿದರು. 1906ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆ ಸೇರಿದರು.

1908ರಲ್ಲಿ ನ್ಯೂಯಾರ್ಕಿನಲ್ಲಿ ರಕ್ತಸ್ರಾವದಿಂದ ಸಾಯುತ್ತಿದ್ದ ಹಸುಗೂಸಿಗೆ ಅವರನ್ನು ಕರೆಸಲಾಯಿತು. ತಂದೆಯ ಮಣಿಕಟ್ಟಿನ ರಕ್ತನಾಳವನ್ನು ಮಗುವಿನ ಕಾಲಿನ ನಾಳಕ್ಕೆ ನೇರವಾಗಿ ಹೊಲಿದರು. ತಂದೆಯ ರಕ್ತ ಹರಿದು ಮಗು ಉಳಿಯಿತು. 1912ರಲ್ಲಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಬಂತು. ಆಗ ವಯಸ್ಸು 39. ಗುತ್ರಿ ಅವರಿಗೆ ಪಾಲು ಸಿಗಲಿಲ್ಲ ಎಂಬ ಅಸಮಾಧಾನ ಹಲವರಲ್ಲಿ ಇಂದಿಗೂ ಇದೆ.

ಸೂಜಿಗೆ ದಾಟದ ಗಡಿ

ಒಂದು ಸಂಗತಿ ಕ್ಯಾರೆಲ್ ಅವರನ್ನು ಕಾಡಿತು. ನಾಯಿಯ ಕಿಡ್ನಿಯನ್ನು ತೆಗೆದು ಅದೇ ನಾಯಿಗೆ ಮರಳಿ ಜೋಡಿಸಿದರೆ ಅದು ಕೆಲಸ ಮಾಡುತ್ತಿತ್ತು. ಬೇರೆ ನಾಯಿಗೆ ಜೋಡಿಸಿದರೆ ಕೆಲವೇ ದಿನಗಳಲ್ಲಿ ಕೆಡುತ್ತಿತ್ತು. ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಪರರ ಅಂಗವನ್ನು ದೇಹವೇ ಒಪ್ಪುತ್ತಿರಲಿಲ್ಲ. ಇದನ್ನು ಅವರು ಸರಿಯಾಗಿಯೇ ಗುರುತಿಸಿದರು, ಆದರೆ ಪರಿಹಾರ ಸಿಗಲಿಲ್ಲ.

ದೇಹ ಹೀಗೇಕೆ ತಿರಸ್ಕರಿಸುತ್ತದೆ ಎಂಬುದನ್ನು 1940ರ ದಶಕದಲ್ಲಿ ಪೀಟರ್ ಮೆಡಾವರ್ ವಿವರಿಸಿದರು. 1954ರಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ತದ್ರೂಪಿ ಅವಳಿಗಳ ನಡುವೆ ಕಿಡ್ನಿ ಕಸಿ ಮಾಡಿ ಗೆದ್ದರು. 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಔಷಧ ಬಳಕೆಗೆ ಬಂದ ಮೇಲೆ ಅಪರಿಚಿತರ ಅಂಗವೂ ವರ್ಷಗಟ್ಟಲೆ ಉಳಿಯತೊಡಗಿತು.

ಕತ್ತಲೆಯ ಪುಟ

ಮೊದಲ ಮಹಾಯುದ್ಧದಲ್ಲಿ ಕ್ಯಾರೆಲ್, ರಸಾಯನಶಾಸ್ತ್ರಜ್ಞ ಡೇಕಿನ್ ಜೊತೆ ಸೇರಿ ಸೈನಿಕರ ಗಾಯ ಕೊಳೆಯದಂತೆ ತೊಳೆಯುವ ವಿಧಾನ ರೂಪಿಸಿದರು. 1935ರಲ್ಲಿ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಜೊತೆ, ಅಂಗಗಳನ್ನು ದೇಹದ ಹೊರಗೆ ಜೀವಂತ ಇಡುವ ಗಾಜಿನ ಪಂಪನ್ನು ಜಗತ್ತಿಗೆ ತೋರಿಸಿದರು.

ಅದೇ ವರ್ಷ ಬಂದ ಅವರ ಪುಸ್ತಕ ಮನುಷ್ಯರನ್ನು ಮೇಲು, ಕೀಳು ಎಂದು ವಿಂಗಡಿಸಿತು. ಕೆಲವು ಬಗೆಯ ಅಪರಾಧಿಗಳನ್ನೂ ಮನೋರೋಗಿಗಳನ್ನೂ ವಿಷಾನಿಲದಿಂದ ಕೊನೆಗಾಣಿಸಬಹುದು ಎಂಬ ಸಲಹೆ ಅದರಲ್ಲಿತ್ತು. ಒಂದು ಕೂಸಿನ ಜೀವಕ್ಕಾಗಿ ಸೂಜಿ ಹಿಡಿದಿದ್ದ ವೈದ್ಯರ ಮಾತು ಇದು. 1941ರಲ್ಲಿ ಜರ್ಮನರಿಗೆ ಮಣಿದ ವಿಶಿ ಸರಕಾರ ಅವರಿಗಾಗಿ ಸಂಶೋಧನಾ ಸಂಸ್ಥೆ ತೆರೆಯಿತು. 1944ರಲ್ಲಿ ಪ್ಯಾರಿಸ್ ಬಿಡುಗಡೆಯಾದಾಗ ಅವರ ಮೇಲೆ ಆರೋಪ ಬಂತು. ವಿಚಾರಣೆಗೆ ಮುನ್ನವೇ ನವೆಂಬರ್ 5ರಂದು ಅವರು ನಿಧನರಾದರು. 1990ರ ದಶಕದಲ್ಲಿ ಲಿಯೋನ್‌ನ ವೈದ್ಯ ಕಾಲೇಜೂ ಅವರ ಹೆಸರನ್ನು ಕೈಬಿಟ್ಟಿತು.

ಇಂದಿನ ಸವಾಲು

ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಕಿಡ್ನಿ ಕಸಿ ಯಶಸ್ವಿಯಾಯಿತು. 1994ರ ಕಾನೂನು ಮೆದುಳಿನ ಸಾವನ್ನು ಅಂಗೀಕರಿಸಿ ಅಂಗ ಮಾರಾಟವನ್ನು ನಿಷೇಧಿಸಿತು. ಮೃತರ ಅಂಗದಾನಕ್ಕಾಗಿ ತಮಿಳುನಾಡು 2008ರಲ್ಲಿ, ಕೇರಳ 2012ರಲ್ಲಿ ಯೋಜನೆ ಆರಂಭಿಸಿದವು. ಆದರೂ ಕಾಯುವವರ ಸಾಲು ದೊಡ್ಡದು, ದಾನಿಗಳು ಕಡಿಮೆ. ಅಮೆರಿಕದಲ್ಲಿ 2022ರಲ್ಲಿ ತಳಿ ಮಾರ್ಪಡಿಸಿದ ಹಂದಿಯ ಹೃದಯವನ್ನೂ 2024ರಲ್ಲಿ ಕಿಡ್ನಿಯನ್ನೂ ರೋಗಿಗಳಿಗೆ ಜೋಡಿಸಲಾಯಿತು. ಇಬ್ಬರೂ ಸುಮಾರು ಎರಡು ತಿಂಗಳು ಬದುಕಿದರು.

ಇಂದು ಯಾವ ಆಸ್ಪತ್ರೆಯಲ್ಲಿ ಕಸಿ ನಡೆದರೂ ಅಲ್ಲಿ ರಕ್ತನಾಳದ ಹೊಲಿಗೆ ಬೇಕೇ ಬೇಕು. ಕ್ಯಾರೆಲ್ ಅವರ ಈ ಕೊಡುಗೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯಾರ ಜೀವ ಉಳಿಯಲು ಯೋಗ್ಯ ಎಂದು ತೀರ್ಮಾನಿಸುವ ಅಧಿಕಾರ ಸೂಜಿ ಹಿಡಿದ ಕೈಗೆ ಇಲ್ಲ ಎಂಬ ಎಚ್ಚರಿಕೆಯೂ ಅವರ ಬದುಕಿನಲ್ಲೇ ಇದೆ.