ವಿಶ್ವಾಸವನ್ನು ಕಾಯಕವಾಗಿಸಿದ ಪಂಡಿತಾ ರಮಾಬಾಯಿ

ಪುಣೆ-ದೌಂಡ್ ರೈಲುಮಾರ್ಗದಲ್ಲಿ ಸಂಚರಿಸುವ ನಮ್ಮಲ್ಲಿ ಎಷ್ಟು ಮಂದಿಗೆ ಕೇಡಗಾಂವದ ‘ಮುಕ್ತಿ ಮಿಷನ್’ ಸ್ಥಾಪಕಿ ಕನ್ನಡ ನೆಲದಲ್ಲಿ ಜನಿಸಿದವರೆಂಬುದು ತಿಳಿದಿದೆ? ಕಾರ್ಕಳ ಸಮೀಪದ ಮಾಳ ಮೂಲದ ಅನಂತಶಾಸ್ತ್ರಿ ಡೋಂಗ್ರೆಯವರ ಪುತ್ರಿ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು.

ಕ್ಷಾಮದಲ್ಲಿ ಹೆತ್ತವರನ್ನು ಕಳೆದುಕೊಂಡ ಅವರ ಸಂಸ್ಕೃತ ಪಾಂಡಿತ್ಯಕ್ಕೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’ ಬಿರುದನ್ನಿತ್ತರು. 1882ರಲ್ಲಿ ಪತಿವಿಯೋಗವಾಯಿತು. ಮರುವರ್ಷ ಇಂಗ್ಲೆಂಡಿಗೆ ತೆರಳಿದ ಅವರು, ಸಮಾಜವು ಪತಿತೆಯರೆಂದು ದೂರವಿಟ್ಟಿದ್ದ ಸ್ತ್ರೀಯರನ್ನು ಕ್ರೈಸ್ತ ಸಂನ್ಯಾಸಿನಿಯರು ಆದರದಿಂದ ಪೋಷಿಸುತ್ತಿದ್ದುದನ್ನು ಕಂಡು ಮನಸೋತು, ದೀಕ್ಷಾಸ್ನಾನ ಪಡೆದರು. ಆದರೂ ಚರ್ಚು ವಿಧಿಸಿದ ಸಿದ್ಧಾಂತಗಳನ್ನೆಲ್ಲ ಅವರು ಒಪ್ಪಲಿಲ್ಲ, ಸಸ್ಯಾಹಾರವನ್ನೂ ತೊರೆಯಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ವನ್ನು ತೆರೆದು, ಮರುವರ್ಷ ಪುಣೆಗೆ ಸ್ಥಳಾಂತರಿಸಿದರು. 1893ರಲ್ಲಿ ಮತಾಂತರದ ಆರೋಪವೆದ್ದು ಅನೇಕ ಪೋಷಕರು ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ರಮಾಬಾಯಿ ಧೃತಿಗೆಡಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯದ ನೂರಾರು ಅನಾಥೆಯರನ್ನು ಕರೆತಂದು, ಕೇಡಗಾಂವದಲ್ಲಿ ಅನ್ನ, ಅಕ್ಷರ, ಕೈಕಸುಬುಗಳನ್ನಿತ್ತರು. 1922ರ ಏಪ್ರಿಲ್ 5ರಂದು ಅಲ್ಲಿಯೇ ನಿಧನ ಹೊಂದಿದರು.

ಅವರ ಮತಾಂತರದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ವಿಶ್ವಾಸವನ್ನು ನಿತ್ಯದ ಕಾಯಕವಾಗಿಸಿಕೊಂಡ ಈ ಮಹಿಳೆಯನ್ನು ಹೊರನಾಡ ಕನ್ನಡಿಗರಾದ ನಾವು ಮರೆಯಲಾಗದು.